ಮೂರು ತಿಂಗಳ ಶುಗರ್ ಜೊತೆ ಹಿಮೋಗ್ಲೋಬಿನ್ ಕೂಡ ನೋಡಬೇಕು

"ಅನ್ನ ಬಿಟ್ಟೆ ಡಾಕ್ಟ್ರೇ, ಮುದ್ದೆನೂ ಅರ್ಧ ಮಾಡಿದೆ. ಆದ್ರೂ ಮೂರು ತಿಂಗಳ ಶುಗರ್ ಇಳೀತಿಲ್ಲ." ನಲವತ್ತೆರಡು ವರ್ಷದ ಆ ತಾಯಿಯ ಎಚ್‌ಬಿಎ1ಸಿ, ಅಂದರೆ ಆ ಮೂರು ತಿಂಗಳ ಶುಗರ್, ಶೇ. 7.9 ಇತ್ತು. ಅದನ್ನು ನೋಡಿಯೇ ಬೇರೊಂದು ಕಡೆ ಸಕ್ಕರೆ ಇಳಿಸುವ ಗ್ಲಿಮಿಪಿರೈಡ್ ಮಾತ್ರೆಯನ್ನು 1ರಿಂದ 2 ಮಿಲಿಗ್ರಾಂಗೆ ಏರಿಸಿದ್ದರು. ಅಂದಿನಿಂದ ಬೆಳಗಿನ ಜಾವ ಮೈ ಬೆವರಿ ಕೈ ನಡುಗುತ್ತಿದೆ ಎಂದರು. ಸಕ್ಕರೆ ತೀರಾ ಇಳಿದಾಗ ಹೀಗಾಗುತ್ತದೆ.

ಮಗಳು ಗ್ಲುಕೋಮೀಟರ್‌ನಲ್ಲಿ ನೋಡಿ ಬರೆದಿಟ್ಟ ಪುಸ್ತಕ ತಂದಿದ್ದಳು. ಖಾಲಿ ಹೊಟ್ಟೆಯಲ್ಲಿ 90ರಿಂದ 110, ಊಟವಾದ ಎರಡು ಗಂಟೆಗೆ 150ರ ಆಸುಪಾಸು. ಎಚ್‌ಬಿಎ1ಸಿಯನ್ನು 28.7ರಿಂದ ಗುಣಿಸಿ 46.7 ಕಳೆದರೆ ಸರಾಸರಿ ಗ್ಲೂಕೋಸ್ ಅಂದಾಜು ಸಿಗುತ್ತದೆ. 7.9ಕ್ಕೆ ಅದು 180. ಪುಸ್ತಕದಲ್ಲಿ ಒಂದೇ ಒಂದು ಸಲವೂ 180 ಮುಟ್ಟಿಲ್ಲ, ಸರಾಸರಿ ಹೇಗೆ 180 ಆದೀತು?

ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಬಿಳಿಚಿಕೊಂಡಿತ್ತು. ಹಿಮೋಗ್ಲೋಬಿನ್ 7.6, ತೀರಾ ಕಡಿಮೆ. ಎರಡು ವರ್ಷದಿಂದ ಮುಟ್ಟಿನಲ್ಲಿ ಎಂಟೊಂಬತ್ತು ದಿನ ರಕ್ತ ಹೋಗುತ್ತಿತ್ತಂತೆ. ಶುಗರ್ ಡಾಕ್ಟರಿಗೆ ಅದನ್ನೆಲ್ಲ ಯಾಕೆ ಹೇಳುವುದು ಎಂದು ಸುಮ್ಮನಿದ್ದರು. ತಪ್ಪು ಅವರದಲ್ಲ, ಕೇಳಬೇಕಾದವರು ನಾವು.

ಎಚ್‌ಬಿಎ1ಸಿ ನೇರವಾಗಿ ರಕ್ತದ ಸಕ್ಕರೆಯನ್ನು ಅಳೆಯುವುದಿಲ್ಲ. ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಎಂದು ಅಳೆಯುತ್ತದೆ. ಒಮ್ಮೆ ಗಟ್ಟಿಯಾಗಿ ಅಂಟಿದ್ದು ಆ ಕಣ ಸಾಯುವವರೆಗೂ ಬಿಡುವುದಿಲ್ಲ. ಕಣದ ಆಯಸ್ಸು ಸುಮಾರು 120 ದಿನ, ಹಾಗಾಗಿಯೇ 'ಮೂರು ತಿಂಗಳ ಶುಗರ್' ಎಂಬ ಹೆಸರು. ಆದರೆ ಮೂರು ತಿಂಗಳಿಗೂ ಸಮಪಾಲಿಲ್ಲ, ಸುಮಾರು ಅರ್ಧದಷ್ಟು ಕಳೆದ ಒಂದೇ ತಿಂಗಳಿನದು. (ಇದಕ್ಕೆ ಉಪವಾಸ ಬರಬೇಕಿಲ್ಲ. ಹನ್ನೊಂದು ಗಂಟೆಯವರೆಗೆ ಹಸಿದು ಕೂರುವ ವಯಸ್ಸಾದವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.)

ಕಬ್ಬಿಣದ ಕೊರತೆಯಲ್ಲಿ ಹೊಸ ಕಣಗಳ ಹುಟ್ಟು ನಿಧಾನವಾಗಿ ಹಳೆಯ ಕಣಗಳ ಪಾಲು ಹೆಚ್ಚುತ್ತದೆ. ಹಳೆಯ ಕಣ ಹೆಚ್ಚು ದಿನ ಸಕ್ಕರೆಯ ಜೊತೆ ಇದ್ದದ್ದು, ಹೆಚ್ಚು ಅಂಟಿಸಿಕೊಂಡಿರುತ್ತದೆ. ಸಕ್ಕರೆ ಏರದೆಯೂ ಅಂಕಿ ಏರುವುದು ಹೀಗೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಇಂಥ ನಾಡಿನಲ್ಲಿ ಹಿಮೋಗ್ಲೋಬಿನ್ ನೋಡದೆ ಎಚ್‌ಬಿಎ1ಸಿ ಓದುವುದು ಅಪಾಯ ಎಂದೇ ನನ್ನ ನಂಬಿಕೆ.

ಆ ತಾಯಿಯ ಮಾತ್ರೆಯನ್ನು ಮೊದಲಿನಂತೆ 1 ಮಿಲಿಗ್ರಾಂಗೆ ಇಳಿಸಿ, ಕಬ್ಬಿಣದ ಮಾತ್ರೆ ಕೊಟ್ಟೆ, ಅದರ ಜೊತೆ ಕಾಫಿ ಬೇಡ ಎಂದೆ, ಸ್ತ್ರೀರೋಗ ತಜ್ಞರ ಬಳಿ ಕಳಿಸಿದೆ. ಗರ್ಭಕೋಶದಲ್ಲಿ ಗಡ್ಡೆ ಸಿಕ್ಕಿತು. ನಾಲ್ಕು ತಿಂಗಳ ನಂತರ ಹಿಮೋಗ್ಲೋಬಿನ್ 11.8, ಎಚ್‌ಬಿಎ1ಸಿ 6.7. ಬೆಳಗಿನ ಜಾವದ ನಡುಕ ಮತ್ತೆ ಬಂದಿಲ್ಲ.

ಇದಕ್ಕಿಂತ ನನ್ನನ್ನು ಹೆದರಿಸುವುದು ತಿರುಗುಮುರುಗಾದ ಪ್ರಕರಣ. ಡಯಾಲಿಸಿಸ್‌ನಲ್ಲಿದ್ದು, ಹೊಸ ಕೆಂಪು ಕಣ ಹುಟ್ಟಿಸುವ ಎರಿತ್ರೋಪೊಯೆಟಿನ್ ಚುಚ್ಚುಮದ್ದು ಪಡೆಯುವವರಲ್ಲಿ, ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲಿ, ಗರ್ಭಿಣಿಯರಲ್ಲಿ ಅಂಕಿ ಸುಳ್ಳೇ ಕಡಿಮೆ ಬರಬಹುದು. ಊಟದ ನಂತರ 240 ಇರುವವರ ರಿಪೋರ್ಟಿನಲ್ಲಿ 6.2 ಕಂಡರೆ ಮನೆಯವರು ನೆಮ್ಮದಿಯಾಗಿಬಿಡುತ್ತಾರೆ. ಚಾಮರಾಜನಗರ, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಕೆಂಪು ಕಣಗಳು ಕುಡುಗೋಲಿನಂತೆ ಬಾಗುವ ಆನುವಂಶಿಕ ಕುಡುಗೋಲು ಕಣ ರೋಗ (ಸಿಕಲ್ ಸೆಲ್) ಇದೆ. ತಂದೆ ತಾಯಿ ಇಬ್ಬರಿಂದಲೂ ಆ ಜೀನ್ ಬಂದವರ ದೇಹದಲ್ಲಿ ಸಾಮಾನ್ಯ ಹಿಮೋಗ್ಲೋಬಿನ್ ಎ ತಯಾರಾಗುವುದೇ ಇಲ್ಲ, ಎಚ್‌ಬಿಎ1ಸಿ ಅಳೆಯುವುದೋ ಅದಕ್ಕೆ ಅಂಟಿದ ಸಕ್ಕರೆಯನ್ನೇ. ಅವರಿಗೆ ಈ ಪರೀಕ್ಷೆ ಬರೆದುಕೊಡಲೇಬಾರದು.

ಅಂಥವರಿಗೆ ಫ್ರಕ್ಟೋಸಮೈನ್ ಅಥವಾ ಗ್ಲೈಕೇಟೆಡ್ ಆಲ್ಬುಮಿನ್ ಮಾಡಿಸಬಹುದು. ಸಕ್ಕರೆ ಅಂಟಿದ ರಕ್ತದ ಪ್ರೋಟೀನುಗಳನ್ನು ಅಳೆಯುವ ಇವು ಕಳೆದ ಎರಡು ಮೂರು ವಾರದ ಸಕ್ಕರೆ ಹೇಳುತ್ತವೆ, ಕೆಂಪು ಕಣದ ಹಂಗಿಲ್ಲ. ಮೂತ್ರದಲ್ಲಿ ಪ್ರೋಟೀನ್ ತುಂಬಾ ಹೋಗುತ್ತಿದ್ದರೆ ಮಾತ್ರ ಇವನ್ನೂ ನೆಚ್ಚುವಂತಿಲ್ಲ. ಸಣ್ಣ ಊರಿನ ಲ್ಯಾಬಿನಲ್ಲಿ ಇವು ಸಿಗದಿದ್ದಾಗ ನಾನು ಕೇಳುವುದು ಆ ಮಗಳು ತಂದಂಥ ಪುಸ್ತಕವನ್ನು: ವಾರದಲ್ಲಿ ಎರಡು ದಿನ, ತಿಂಡಿ, ಊಟ, ರಾತ್ರಿ ಊಟಕ್ಕೆ ಮುಂಚೆ ಒಂದೊಂದು, ಆಮೇಲೆ ಎರಡು ಗಂಟೆಗೆ ಒಂದೊಂದು, ಮಲಗುವ ಮುನ್ನ ಒಂದು.