ಲೈನ್‌ಮನ್‌ಗೆ ಎಷ್ಟು ಗಾತ್ರ ಬೇಕು?

ನಮ್ಮ ಕಡೆ ಲೈನ್‌ಮನ್ ಎಂದರೆ ಕಂಬ ಹತ್ತಿ ಕರೆಂಟ್ ಸರಿ ಮಾಡುವವರು. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ (ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ) ಅದೇ ಹೆಸರಿನ ಆಟಗಾರನೊಬ್ಬನಿದ್ದಾನೆ. ದೊಡ್ಡ ಕಾಲೇಜಿನ ತಂಡವಾದರೆ ಅವನ ಎತ್ತರ ಸಾಮಾನ್ಯವಾಗಿ ಆರಡಿ ಮೂರು ಇಂಚಿನಿಂದ ಆರಡಿ ಆರು ಇಂಚು, ತೂಕ 135ರಿಂದ 150 ಕೆಜಿ. ದಾಳಿ ಮಾಡುವ ತಂಡದ 11 ಜನರಲ್ಲಿ ಐವರು ಇಂಥವರು: ಸಾಲಿನ ನಡುವೆ ಸೆಂಟರ್, ಅವನ ಎಡಬಲಕ್ಕೆ ಗಾರ್ಡ್‌ಗಳು, ಎರಡು ತುದಿಗೆ ಟ್ಯಾಕಲ್‌ಗಳು. ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರು ಮಾಡುವ ಸೆಂಟರ್ ಬಿಟ್ಟರೆ ಉಳಿದವರ ಕೈಗೆ ಚೆಂಡು ಬರುವುದೇ ಅಪರೂಪ. ಎದುರಿನವರನ್ನು ತಳ್ಳಿ ದಾರಿ ಬಿಡಿಸುವುದು, ಇಲ್ಲವೇ ನುಗ್ಗಿ ಬರುವವರು, ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನನ್ನು ಮುಟ್ಟದಂತೆ ತಡೆಯುವುದು ಅವರ ಕೆಲಸ.

ಈ ಜಾಗಕ್ಕೆ ಹದಿನಾರು ಹದಿನೇಳು ವರ್ಷದ ಹುಡುಗರನ್ನು ಆರಿಸುವಾಗ ಕೋಚ್‌ಗಳು ಮೊದಲು ಗಾತ್ರ ನೋಡುತ್ತಾರೆ. ಆದರೆ ಹೊರಗಿನವರು ತೂಕದ ಅಂಕಿ ನೋಡಿ ಬೆರಗಾಗುವಾಗ ಕೋಚ್ ನೋಡುತ್ತಿರುವುದು ಮೂಳೆಯ ಅಳತೆ. ತೂಕವನ್ನು ಆಮೇಲೆ ಕೂಡಿಸಬಹುದು, ತೋಳನ್ನು ಉದ್ದ ಮಾಡಲಾಗದು. ಗಾತ್ರ ಎಷ್ಟು ಮುಖ್ಯ ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಈ ವ್ಯತ್ಯಾಸದಲ್ಲೇ ಇದೆ.

ಮೊದಲು ಭೌತಶಾಸ್ತ್ರದ ಸುಲಭ ಲೆಕ್ಕ. 140 ಕೆಜಿಯವನು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬಂದು ಡಿಕ್ಕಿ ಕೊಟ್ಟರೆ ಅವನ ಸಂವೇಗ, ಅಂದರೆ ತೂಕವನ್ನು ವೇಗದಿಂದ ಗುಣಿಸಿದ್ದು, 420. ಅವನಿಗಿಂತ 22 ಕೆಜಿ ಹಗುರಾದವನು ಸೆಕೆಂಡಿಗೆ 3.6 ಮೀಟರ್ ವೇಗದಲ್ಲಿ ಬಂದರೆ ಹೆಚ್ಚುಕಡಿಮೆ ಅಷ್ಟೇ. ಅಂದರೆ ಹಗುರಾದವನು ವೇಗದಿಂದ ಕೊರತೆ ತುಂಬಿಕೊಳ್ಳಬಹುದು. ತೊಂದರೆ ಏನೆಂದರೆ, ಎದುರುಬದುರು ಕೂತ ಇಬ್ಬರ ನಡುವೆ ಒಂದು ಮೀಟರ್ ಜಾಗವೂ ಇರುವುದಿಲ್ಲ. ವೇಗ ಪಡೆಯಲು ಸಿಗುವುದು ಒಂದೋ ಎರಡೋ ಹೆಜ್ಜೆ. ಹಾಗಾಗಿ ಆ ಮೊದಲ ಹೆಜ್ಜೆಯ ಚುರುಕಿಗೆ ಇಷ್ಟು ಬೆಲೆ.

ಗಾತ್ರ ಹೆಚ್ಚಿದಂತೆ ಚುರುಕು ಕಡಿಮೆಯಾಗುವುದಕ್ಕೂ ಕಾರಣವಿದೆ. ದೇಹದ ಉದ್ದ, ಅಗಲ, ದಪ್ಪ ಮೂರನ್ನೂ ಶೇ 10ರಷ್ಟು ಹಿಗ್ಗಿಸಿದರೆ ತೂಕ ಶೇ 33ರಷ್ಟು ಏರುತ್ತದೆ. ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸಿರುವುದರಿಂದ ಅದು ಏರುವುದು ಶೇ 21 ಮಾತ್ರ. ಎಲ್ಲೋ ಒಂದು ಕಡೆ ಹೆಚ್ಚುವರಿ ಕೆಜಿ ಎದುರಾಳಿಗಿಂತ ಸ್ವಂತ ಕಾಲಿಗೇ ಹೊರೆಯಾಗತೊಡಗುತ್ತದೆ.

ತೂಕಕ್ಕಿಂತ ದೊಡ್ಡ ಫಲ ಕೊಡುವುದು ಸನ್ನೆಕೋಲಿನ ತತ್ವ. 140 ಕೆಜಿಯ ಒಬ್ಬ ನೆಟ್ಟಗೆ ನಿಂತಿದ್ದಾನೆ ಅಂದುಕೊಳ್ಳಿ. ಅವನ ಗುರುತ್ವ ಕೇಂದ್ರಕ್ಕೂ ಹಿಂದಿಟ್ಟ ಕಾಲಿಗೂ ಅಡ್ಡಡ್ಡ 30 ಸೆಂಟಿಮೀಟರ್ ಅಂತರ. ನೆಲದಿಂದ 1.4 ಮೀಟರ್ ಎತ್ತರದಲ್ಲಿ, ಎದೆಗೆ ಕೈಯಿಟ್ಟು ತಳ್ಳಿದರೆ ಅವನನ್ನು ಹಿಂದಕ್ಕೆ ಮಗುಚಲು 294 ನ್ಯೂಟನ್ ಬಲ ಸಾಕು. ಅವನೇ ಮೊಣಕಾಲು ಮಡಿಸಿ, ಸೊಂಟ ತಗ್ಗಿಸಿ, ಎದೆಯನ್ನು ಒಂದು ಮೀಟರ್ ಎತ್ತರಕ್ಕೆ ತಂದರೆ ಬೇಕಾಗುವ ಬಲ 412 ನ್ಯೂಟನ್. ಶೇ 40ರಷ್ಟು ಹೆಚ್ಚು. ನೆಟ್ಟಗೆ ನಿಂತೇ ಅಷ್ಟು ಗಟ್ಟಿಯಾಗಬೇಕಿದ್ದರೆ ಅವನು ಇನ್ನೂ 56 ಕೆಜಿ ತೂಗಬೇಕಿತ್ತು! ಇದು ಚಲನೆಯನ್ನೆಲ್ಲ ಬದಿಗಿಟ್ಟ ಸರಳ ಲೆಕ್ಕ, ಆದರೂ ಮೈದಾನದಲ್ಲಿ ಕಾಣುವುದು ಇದೇ. ತಗ್ಗಿದವನ ತಳ್ಳು ಕೆಳಗಿನಿಂದ ಮೇಲಕ್ಕೆ ಹೋಗುವುದರಿಂದ ಎದುರಾಳಿಯ ಪಾದದ ಮೇಲಿನ ಭಾರ ಕಡಿಮೆಯಾಗಿ ಅವನ ಬೂಟಿನ ಹಿಡಿತವೂ ಸಡಿಲವಾಗುತ್ತದೆ. ಗರಡಿಯಲ್ಲಿ ಪಳಗಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಹಾಗಾಗಿ ಆರಿಸುವವರು ಹುಡುಗ ಎಲ್ಲಿಂದ ಬಾಗುತ್ತಾನೆ ಎಂದು ಗಮನವಿಟ್ಟು ನೋಡುತ್ತಾರೆ. ಹಿಮ್ಮಡಿ ನೆಲ ಬಿಡದೆ, ಮೊಣಕಾಲು ಮತ್ತು ಸೊಂಟದ ಕೀಲಿನಿಂದ ತಗ್ಗಿದರೆ ಒಳ್ಳೆಯದು. ಪಾದದ ಕೀಲು ಬಿಗಿಯಾಗಿದ್ದರೆ ಹಿಮ್ಮಡಿ ಮೇಲೇಳುತ್ತದೆ. ಆಗ ಅವನು ಸೊಂಟದ ಬದಲು ಬೆನ್ನು ಬಗ್ಗಿಸುತ್ತಾನೆ, ತಲೆ ಮುಂದೆ ಬೀಳುತ್ತದೆ, ಎದುರಾಳಿ ಪಕ್ಕಕ್ಕೆ ಒಂದು ಎಳೆತ ಎಳೆದರೆ ಮುಗ್ಗರಿಸುತ್ತಾನೆ. ಆರಡಿ ಏಳು ಇಂಚಿನವರಲ್ಲಿ ಈ ದೋಷ ಹೆಚ್ಚಾಗಿ ಕಾಣುತ್ತದೆ. ಅತಿ ಎತ್ತರವೂ ಒಂದು ಸಮಸ್ಯೆಯಾಗುವುದು ಹೀಗೆ.

ಇನ್ನು ತೋಳು. ಭುಜದ ಮೂಳೆಯ ತುದಿಯಿಂದ ನಡುಬೆರಳಿನ ತುದಿಯವರೆಗೆ ಟೇಪು ಹಿಡಿಯುತ್ತಾರೆ. ಟ್ಯಾಕಲ್‌ಗೆ 33 ಇಂಚು, ಅಂದರೆ ಸುಮಾರು 84 ಸೆಂಟಿಮೀಟರ್ ಇರಲಿ ಎಂಬುದು ವೃತ್ತಿಪರ ತಂಡಗಳಿಗೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳ ರೂಢಿಯ ಅಳತೆ. ಸಾಲಿನ ತುದಿಯಲ್ಲಿ ನಿಲ್ಲುವ ಟ್ಯಾಕಲ್‌ನ ಮೇಲೆ ಎದುರು ತಂಡದ ಅತಿ ವೇಗದ ಆಟಗಾರ ಸುತ್ತಿ ಬರುತ್ತಾನೆ. ಯಾರ ಅಂಗೈ ಮೊದಲು ಇನ್ನೊಬ್ಬನ ಎದೆಗೆ ತಾಗಿ ಮೊಣಕೈ ಚಾಚಿಕೊಳ್ಳುತ್ತದೋ ಅವನ ಎದೆಗೆ ಇನ್ನೊಬ್ಬನ ಕೈ ಎಟುಕುವುದೇ ಇಲ್ಲ. ಎರಡು ಇಂಚಿನ ವ್ಯತ್ಯಾಸ ಅಲ್ಲಿ ಎದ್ದು ಕಾಣುತ್ತದೆ. ಸಾಲಿನ ಮಧ್ಯದಲ್ಲಿ ಎಲ್ಲರೂ ಇಕ್ಕಟ್ಟಿನಲ್ಲಿ ಮೈಗೆ ಮೈ ತಾಗಿಸಿಕೊಂಡೇ ಇರುವುದರಿಂದ ಗಾರ್ಡ್, ಸೆಂಟರ್‌ಗಳಿಗೆ ತೋಳಿನುದ್ದ ಅಷ್ಟು ದೊಡ್ಡ ವಿಷಯವಲ್ಲ. ಅಯೋವಾ ವಿಶ್ವವಿದ್ಯಾಲಯದ ಸೆಂಟರ್ ಟೈಲರ್ ಲಿಂಡರ್‌ಬಾಮ್ ಅವರ ತೋಳು 31 ಇಂಚಿಗಿಂತ ಒಂದು ಎಳೆಯಷ್ಟೇ ಹೆಚ್ಚು, ಎತ್ತರ ಆರಡಿ ಎರಡು ಇಂಚು. 2021ರಲ್ಲಿ ದೇಶದ ಅತ್ಯುತ್ತಮ ಕಾಲೇಜು ಸೆಂಟರ್‌ಗೆ ಕೊಡುವ ರಿಮಿಂಗ್ಟನ್ ಟ್ರೋಫಿ ಅವರಿಗೇ ಬಂತು.

ಶಾಲೆಯ ಪಟ್ಟಿಯಲ್ಲಿ ಬರೆದ ಎತ್ತರವನ್ನು ಯಾವ ಅನುಭವಿ ಕೋಚ್ ಕೂಡ ಹಾಗೇ ನಂಬುವುದಿಲ್ಲ. ಒಂದೆರಡು ಇಂಚು ಸೇರಿಸಿ ಬರೆಯುವುದು ಹಳೆಯ ಚಾಳಿ. ಬೇಸಿಗೆ ಶಿಬಿರಗಳಿಗೆ ಕರೆಸಿ, ಬೂಟು ಬಿಚ್ಚಿಸಿ, ಗೋಡೆಗೆ ಹಿಮ್ಮಡಿ ತಾಗಿಸಿ ಅಳೆಯುತ್ತಾರೆ. ಜೊತೆಗೆ ಎರಡೂ ತೋಳು ಚಾಚಿದಾಗಿನ ಅಗಲ, ಅಂಗೈ, ಬೂಟಿನ ಅಳತೆ, ಹೆತ್ತವರ ಎತ್ತರ. ಹೆಗಲು, ಸೊಂಟದ ಮೂಳೆ ಅಗಲವಿದ್ದರೆ ಮುಂದೆ ತೂಕ ಹೊರುವ ಜಾಗವಿದೆ ಎಂದರ್ಥ. ಬ್ಯಾಸ್ಕೆಟ್‌ಬಾಲ್ ಆಡುವ ವಿಡಿಯೊ ಕೇಳಿ ತರಿಸಿ, ರಕ್ಷಣೆಯಲ್ಲಿ ಪಾದ ಹೇಗೆ ಅಡ್ಡಡ್ಡ ಜಾರಿಸುತ್ತಾನೆ ಎಂದು ನೋಡುತ್ತಾರೆ. ಕುಸ್ತಿ ಮತ್ತು ಗುಂಡೆಸೆತಕ್ಕೂ ಬಲು ಬೆಲೆ. ಅಯೋವಾದಲ್ಲೇ ಆಡಿದ ಟ್ರಿಸ್ಟನ್ ವರ್ಫ್ಸ್ ಶಾಲಾ ದಿನಗಳಲ್ಲಿ ರಾಜ್ಯಮಟ್ಟದ ಕುಸ್ತಿ ಚಾಂಪಿಯನ್. 145 ಕೆಜಿ ತೂಕವಿಟ್ಟುಕೊಂಡು 2020ರಲ್ಲಿ ಅವರು ನಿಂತಲ್ಲಿಂದ 36.5 ಇಂಚು ಮೇಲಕ್ಕೆ ಜಿಗಿದಿದ್ದರು.

ಮೂಳೆ ಸರಿಯಿದ್ದರೆ ತೂಕ ಕೂಡಿಸುವ ಕೆಲಸ ಕಾಲೇಜಿನಲ್ಲಿ ನಡೆಯುತ್ತದೆ. ಸೆಂಟ್ರಲ್ ಮಿಶಿಗನ್ ಸೇರಿದಾಗ ಜೋ ಸ್ಟೇಲಿ ಚೆಂಡು ಹಿಡಿಯುವ ಟೈಟ್ ಎಂಡ್ ಆಗಿದ್ದರು. ಅಲ್ಲಿ 30 ಕೆಜಿಗೂ ಹೆಚ್ಚು ತೂಕ ಏರಿಸಿಕೊಂಡು ಟ್ಯಾಕಲ್ ಆಗಿ, 2007ರಲ್ಲಿ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಆಯ್ಕೆಯ ಮೊದಲ ಸುತ್ತಿನಲ್ಲೇ ಹೋದರು. 111 ಕೆಜಿಯ ಹುಡುಗನನ್ನು ಮೂರು ವರ್ಷದಲ್ಲಿ 135ಕ್ಕೆ ತರಬೇಕೆಂದರೆ ತಿಂಗಳಿಗೆ ಸುಮಾರು 700 ಗ್ರಾಂ ಏರಿದರೆ ಸಾಕು. ಮೈಗೆ ಬೇಕಾದ್ದಕ್ಕಿಂತ ದಿನಕ್ಕೆ 300ರಿಂದ 500 ಕ್ಯಾಲೊರಿ ಹೆಚ್ಚು, ಪ್ರತಿ ಕೆಜಿ ತೂಕಕ್ಕೆ 1.6ರಿಂದ 2.2 ಗ್ರಾಂ ಪ್ರೋಟೀನು, ವಾರಕ್ಕೆ ಮೂರು ನಾಲ್ಕು ದಿನ ಭಾರ ಎತ್ತುವ ವ್ಯಾಯಾಮ. ಮೊದಲ ವರ್ಷವನ್ನು ರೆಡ್‌ಶರ್ಟ್, ಅಂದರೆ ಹೆಚ್ಚಾಗಿ ಅಭ್ಯಾಸಕ್ಕಷ್ಟೇ ಮೀಸಲು, ಎಂದು ಎತ್ತಿಟ್ಟರೆ, 2018ರಲ್ಲಿ ಬಂದ ನಿಯಮದಂತೆ ನಾಲ್ಕು ಪಂದ್ಯಗಳವರೆಗೆ ಆಡಿದರೂ ಕಾಲೇಜಿನಲ್ಲಿ ಆಡಲು ಸಿಗುವ ಸೀಮಿತ ವರ್ಷಗಳಲ್ಲಿ ಒಂದು ಕಳೆದುಹೋಗುವುದಿಲ್ಲ. ಅಷ್ಟರಲ್ಲಿ ಮೈ ತುಂಬಿಕೊಳ್ಳುತ್ತದೆ.

ಅವಸರಪಟ್ಟಾಗ ಕೆಡುತ್ತದೆ. ಒಂದೇ ಬೇಸಿಗೆಯಲ್ಲಿ 15 ಕೆಜಿ ಏರಿಸಿದರೆ ಅದರಲ್ಲಿ ಬಹುಪಾಲು ಹೊಟ್ಟೆಗೆ ಸೇರುತ್ತದೆ. ಹೊಟ್ಟೆ ತೊಡೆಗೆ ತಾಗುವುದರಿಂದ ಸೊಂಟ ಬಾಗುವುದಿಲ್ಲ, ಮೊದಲ ಹತ್ತು ಗಜದ ಓಟ ನಿಧಾನವಾಗುತ್ತದೆ, ಮಂಡಿ ನೋಯತೊಡಗುತ್ತದೆ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ. ತಕ್ಕಡಿಯ ಜೊತೆಗೆ ಆ ಹತ್ತು ಗಜದ ಓಟವನ್ನೂ ತಿಂಗಳಿಗೊಮ್ಮೆ ಅಳೆಯಬೇಕು. ತೂಕ ಏರಿದರೂ ಸಮಯ ಅಷ್ಟೇ ಇದ್ದರೆ ಏರಿದ್ದು ಸ್ನಾಯು.

ಈ ಅಳತೆಗಳನ್ನು ಮೀರಿದವರೂ ಇದ್ದಾರೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಆರನ್ ಡೊನಾಲ್ಡ್ ರಕ್ಷಣಾ ಸಾಲಿನವರು, ಆರಡಿ ಒಂದು ಇಂಚು, 129 ಕೆಜಿ. ಆ ಜಾಗಕ್ಕೆ ಇದು ಚಿಕ್ಕ ಮೈ. 40 ಗಜವನ್ನು 4.68 ಸೆಕೆಂಡಿನಲ್ಲಿ ಓಡಿದ ಅವರು ಮುಂದೆ ಮೂರು ಸಲ ಎನ್‌ಎಫ್‌ಎಲ್‌ನ ವರ್ಷದ ರಕ್ಷಣಾ ಆಟಗಾರರಾದರು. ವಿಸ್ಕಾನ್ಸಿನ್‌ನ ಜೋ ಥಾಮಸ್ ಅವರ ತೋಳು 33 ಇಂಚು ಮುಟ್ಟಿರಲಿಲ್ಲ, ಆದರೂ ಅವರು ಎನ್‌ಎಫ್‌ಎಲ್‌ನಲ್ಲಿ ಟ್ಯಾಕಲ್ ಜಾಗದಲ್ಲಿ ಒಂದೂ ತಪ್ಪದೆ ಸತತ 10,363 ಸ್ನ್ಯಾಪ್ (ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟಾಗ ಶುರುವಾಗುವ ಒಂದೊಂದು ಸರದಿ) ಆಡಿದರು. ಆಟದ ಶೈಲಿಯೂ ಲೆಕ್ಕಕ್ಕೆ ಬರುತ್ತದೆ. ಸೇನೆ, ನೌಕಾದಳ, ವಾಯುದಳದ ಅಕಾಡೆಮಿಗಳಲ್ಲಿ ಓದಿದವರು ಅಧಿಕಾರಿಗಳಾಗುವಾಗ ತೂಕದ ಮಿತಿ ಪಾಲಿಸಬೇಕು. ಅದಕ್ಕೇ ಆ ತಂಡಗಳು ವರ್ಷಗಟ್ಟಲೆ ಟ್ರಿಪಲ್ ಆಪ್ಷನ್ ಎಂಬ ಓಟದ ಆಟ ನೆಚ್ಚಿಕೊಂಡು, ಕೋನ ಮತ್ತು ಚುರುಕಿನಿಂದಲೇ ತಮಗಿಂತ ಭಾರದವರನ್ನು ಎದುರಿಸಿದವು.

ದೊಡ್ಡ ಮೈಗೆ ಒಂದು ಅಪಾಯವಿದೆ, ಅದನ್ನು ಹುಡುಗರ ಮನೆಯವರು ತಿಳಿದಿರಲೇಬೇಕು. ಐದಡಿ ಒಂಬತ್ತು ಇಂಚಿನ 70 ಕೆಜಿಯವನ ಚರ್ಮದ ವಿಸ್ತೀರ್ಣ ಸುಮಾರು 1.85 ಚದರ ಮೀಟರ್. ಆರಡಿ ಐದು ಇಂಚಿನ 140 ಕೆಜಿಯವನದು 2.7. ತೂಕ ಎರಡು ಪಟ್ಟು, ಶಾಖ ಹೊರಹಾಕುವ ಚರ್ಮ ಒಂದೂವರೆ ಪಟ್ಟು. ಮೇಲೆ ಹೆಲ್ಮೆಟ್ಟು, ಪ್ಯಾಡು. ಶಾಖಾಘಾತ ಲೈನ್‌ಮನ್‌ಗಳಲ್ಲೇ ಹೆಚ್ಚು. 2018ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ 19 ವರ್ಷದ ಲೈನ್‌ಮನ್ ಜೋರ್ಡನ್ ಮೆಕ್‌ನೇರ್ ಅಭ್ಯಾಸದ ಓಟದಲ್ಲಿ ಕುಸಿದು, ಎರಡು ವಾರದ ಮೇಲೆ ತೀರಿಕೊಂಡರು. ಅವರನ್ನು ತಣ್ಣೀರಿನಲ್ಲಿ ಮುಳುಗಿಸಿರಲಿಲ್ಲ ಎಂದು ತನಿಖೆ ಹೇಳಿತು.

ಮೈಕಾವು 40 ಡಿಗ್ರಿ ದಾಟಿ, ಮಾತು ತೊದಲಿದರೆ ಆಂಬುಲೆನ್ಸಿಗೆ ಫೋನ್ ಮಾಡುತ್ತಲೇ ಅಲ್ಲೇ ತಂಪು ಮಾಡಲು ಶುರು ಮಾಡಬೇಕು, ಅರ್ಧ ಗಂಟೆಯೊಳಗೆ 39ಕ್ಕಿಂತ ಕೆಳಗಿಳಿಸಬೇಕು, ಸಾಗಿಸುವುದು ಆಮೇಲೆ. ಐಸ್ ಹಾಕಿದ ನೀರಿನ ತೊಟ್ಟಿ ಮೈದಾನದ ಪಕ್ಕದಲ್ಲಿ ಅಭ್ಯಾಸಕ್ಕೆ ಮೊದಲೇ ತುಂಬಿರಬೇಕು. ಅದು 150 ಕೆಜಿಯವನು ಕುತ್ತಿಗೆಯವರೆಗೆ ಮುಳುಗುವಷ್ಟು ದೊಡ್ಡದಿರಬೇಕು, ಅವನನ್ನು ಎತ್ತಿ ಇಳಿಸಲು ನಾಲ್ಕೈದು ಜನ ಗೊತ್ತಾಗಿರಬೇಕು. ತೊಟ್ಟಿಯೇ ಇಲ್ಲದಿದ್ದರೆ ಅವನನ್ನು ದಪ್ಪ ಟಾರ್ಪಾಲಿನ ಮೇಲೆ ಮಲಗಿಸಿ, ನಾಲ್ಕೂ ಅಂಚು ಎತ್ತಿ ಹಿಡಿದು, ಒಳಗೆ ನೀರು ಮತ್ತು ಐಸ್ ಸುರಿದು, ಎಡಕ್ಕೂ ಬಲಕ್ಕೂ ಬಿಡದೆ ತೂಗುತ್ತಿರಬೇಕು.