ಹಂಚಿಕೆಯ ಪ್ರಯೋಗಾಲಯದಲ್ಲಿ ವೇಗದ ಆಪ್ಟಿಕಲ್ ಘಟಕಗಳ ಪರೀಕ್ಷೆ: ಸ್ಲಾಟ್ ಸಿಕ್ಕವರಿಗೆ ಅಧ್ಯಯನ ಟಿಪ್ಪಣಿ

ಮಂಗಳೂರು, ಉಡುಪಿ ಕಡೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಆಪ್ಟಿಕಲ್ ಸಂವಹನ ಓದುವ ನಮಗೆ ಪವರ್ ಮೀಟರ್, ಒಂದು ಲೇಸರ್ ಮೂಲ, ನಾಲ್ಕಾರು ಪ್ಯಾಚ್ ಕಾರ್ಡ್ (ಎರಡೂ ತುದಿಗೆ ಕನೆಕ್ಟರ್ ಇರುವ ಗಿಡ್ಡ ಫೈಬರ್) ಸಾಮಾನ್ಯವಾಗಿ ಕೈಗೆ ಸಿಗುತ್ತವೆ. ಸೆಕೆಂಡಿಗೆ 10 ಗಿಗಾಬಿಟ್ ದಾಟಿದ ಟ್ರಾನ್ಸೀವರ್ (ಬೆಳಕಿನ ಸಂಕೇತವನ್ನು ಕಳಿಸುವ, ಪಡೆಯುವ ಮಾಡ್ಯೂಲ್), ಮಾಡ್ಯುಲೇಟರ್ (ಬೆಳಕಿನ ಮೇಲೆ ಸಂಕೇತ ಕೂರಿಸುವ ಘಟಕ) ಅಥವಾ ಫೋಟೋಡಯೋಡನ್ನು (ಬೆಳಕನ್ನು ವಿದ್ಯುತ್ತಾಗಿಸುವ ಘಟಕ) ಪರೀಕ್ಷಿಸಬೇಕಾದರೆ ಬಿಟ್ ದೋಷ ಪರೀಕ್ಷಕ, ಸಂಕೇತದ ರೂಪ ತೋರಿಸುವ ಸ್ಯಾಂಪ್ಲಿಂಗ್ ಆಸಿಲೋಸ್ಕೋಪ್, ಬೇರೆ ಬೇರೆ ಆವರ್ತನದಲ್ಲಿ ಘಟಕದ ಪ್ರತಿಕ್ರಿಯೆ ಅಳೆಯುವ ವೆಕ್ಟರ್ ನೆಟ್‌ವರ್ಕ್ ಅನಲೈಸರ್ ಇವೆಲ್ಲ ಬೇಕಾಗುತ್ತವೆ. ಇವುಗಳನ್ನು ಒಟ್ಟಿಗೆ ಕೊಳ್ಳುವ ಮೊತ್ತ ಕೋಟಿಗಳಲ್ಲಿರುವುದರಿಂದ ಒಂದೇ ಮೇಜನ್ನು ಹಲವು ಸಂಸ್ಥೆಗಳವರು ಗಂಟೆಗಳ ಲೆಕ್ಕದಲ್ಲಿ ಹಂಚಿಕೊಳ್ಳುವುದು ರೂಢಿಯಾಗಿದೆ. ಹೀಗೆ ಸಿಗುವ ಮೂರು-ನಾಲ್ಕು ಗಂಟೆಯಲ್ಲಿ ಪರದೆಯ ಮೇಲೆ ಕಾಣುವ ಅಂಕಿ ನಮ್ಮ ಘಟಕದ್ದು ಮಾತ್ರವಲ್ಲ, ಅದು ಕೇಬಲ್, ಕನೆಕ್ಟರ್, ಅಟೆನ್ಯುಯೇಟರ್ (ಬೆಳಕನ್ನು ತಗ್ಗಿಸುವ ಸಾಧನ) ಮತ್ತು ಉಪಕರಣ ಎಲ್ಲ ಸೇರಿದ ಸರಪಳಿಯದ್ದು. ಆ ಸರಪಳಿಯಿಂದ ಘಟಕವನ್ನು ಬೇರ್ಪಡಿಸುವ ಬಗೆಯನ್ನು ಈ ಟಿಪ್ಪಣಿ ವಿವರಿಸುತ್ತದೆ.

ಎಲ್ಲಿ ಯಾವ ಉಪಕರಣವಿದೆ ಎಂದು ಹುಡುಕಲು ಐ-ಸ್ಟೆಮ್ ಎಂಬ ರಾಷ್ಟ್ರೀಯ ಜಾಲತಾಣವಿದೆ. 2020ರ ಜನವರಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಕಾಂಗ್ರೆಸ್‌ನಲ್ಲಿ ಅದನ್ನು ಉದ್ಘಾಟಿಸಲಾಯಿತು. ನಮ್ಮ ಸಮೀಪದಲ್ಲಿ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಕೇಂದ್ರೀಯ ಸಂಶೋಧನಾ ಸೌಲಭ್ಯವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರ ಹೊರಗಿನ ಬಳಕೆದಾರರಿಗೂ ತೆರೆದಿದೆ. ಹೋಗುವ ಮುನ್ನ ಉಪಕರಣದ ಹೆಸರನ್ನಷ್ಟೇ ನೋಡಿದರೆ ಸಾಲದು. ಅದರ ಬ್ಯಾಂಡ್‌ವಿಡ್ತ್, ತರಂಗಾಂತರದ ವ್ಯಾಪ್ತಿ ಮತ್ತು ಕನೆಕ್ಟರ್ ಮಾದರಿಯನ್ನು ಕೇಳಿ ಬರೆದುಕೊಳ್ಳಬೇಕು.

ವೇಗ ಹೆಚ್ಚಿದಂತೆ ಅಳತೆ ಏಕೆ ಕಷ್ಟವಾಗುತ್ತದೆ ಎಂಬುದನ್ನು ಉದ್ದದ ಲೆಕ್ಕದಲ್ಲಿ ನೋಡಿದರೆ ಬೇಗ ಮನದಟ್ಟಾಗುತ್ತದೆ. ಫೈಬರ್‌ನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. 10 ಗಿಗಾಬಿಟ್ ವೇಗದಲ್ಲಿ ಒಂದು ಬಿಟ್ಟಿನ ಅವಧಿ 100 ಪಿಕೊಸೆಕೆಂಡ್ ಆದ್ದರಿಂದ ಆ ಬಿಟ್ ಫೈಬರ್‌ನಲ್ಲಿ 2 ಸೆಂಟಿಮೀಟರ್ ಉದ್ದವಿರುತ್ತದೆ. 25 ಗಿಗಾಬಿಟ್‌ಗೆ ಬಂದರೆ 8 ಮಿಲಿಮೀಟರ್, ಅಂದರೆ ನಮ್ಮ ಕುಚ್ಚಲಕ್ಕಿಯ ಕಾಳಿಗಿಂತ ತುಸು ಉದ್ದ. ಸೆಕೆಂಡಿಗೆ 53.125 ಶತಕೋಟಿ ಸಂಕೇತಗಳ ವೇಗದಲ್ಲಿ ಅದು 4 ಮಿಲಿಮೀಟರ್‌ಗಿಂತಲೂ ಕಡಿಮೆ, ಕಾಳಿನ ಅರ್ಧದ ಆಸುಪಾಸು. ಇಷ್ಟು ಸಣ್ಣ ಅಳತೆಯಲ್ಲಿ ತಾಮ್ರದ ಕೇಬಲ್ಲಿನ ಒಂದು ಗೇಣು ಉದ್ದವೂ, ಸಡಿಲವಾದ ಒಂದು ನಟ್ಟೂ ಸಂಕೇತದ ರೂಪವನ್ನು ಕೆಡಿಸಬಲ್ಲವು.

ಮೊದಲ ಕೆಲಸ ಕನೆಕ್ಟರ್‌ನ ತುದಿಮುಖವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಪರದೆಯ ಮೇಲೆ ಬೂದು ಬಣ್ಣದ ದುಂಡನೆಯ ಫೈಬರ್ ಕಾಣುತ್ತದೆ. ಅದರ ವ್ಯಾಸ 125 ಮೈಕ್ರೋಮೀಟರ್, ನಡುವೆ ಬೆಳಕು ಹರಿಯುವ ತಿರುಳು ಸುಮಾರು 9 ಮೈಕ್ರೋಮೀಟರ್. ಹಿಂದಿನ ಬಳಕೆದಾರನ ಬೆರಳಿನ ಎಣ್ಣೆ ಮಬ್ಬಾದ ಕಲೆಯಾಗಿಯೂ ಧೂಳಿನ ಕಣ ಕಪ್ಪು ಚುಕ್ಕೆಯಾಗಿಯೂ ಕಾಣಿಸುತ್ತದೆ, ಮತ್ತು ಚುಕ್ಕೆ ತಿರುಳಿನ ಮೇಲಿದ್ದರೆ ಮುಂದಿನ ಯಾವ ಅಂಕಿಯನ್ನೂ ನಂಬುವಂತಿಲ್ಲ. ಒಣ ಕ್ಲೀನರ್‌ನಿಂದ ಒರೆಸಿ ಮತ್ತೆ ನೋಡಬೇಕು. ಹೋಗದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಕೂಡಲೇ ಒಣ ಬಟ್ಟೆಯಿಂದ ಒರೆಸಬೇಕು. ಡಸ್ಟ್ ಕ್ಯಾಪ್ ಹಾಕಿಟ್ಟದ್ದು ಸ್ವಚ್ಛವಾಗಿರುತ್ತದೆ ಎಂಬುದು ಭ್ರಮೆ, ಏಕೆಂದರೆ ಕ್ಯಾಪಿನೊಳಗೇ ಧೂಳು ಕುಳಿತಿರುತ್ತದೆ. ಲೇಸರ್ ಆಫ್ ಮಾಡದೆ ತುದಿಮುಖವನ್ನು ಕಣ್ಣಿಗೆ ಹಿಡಿಯಬಾರದು. 1310 ಮತ್ತು 1550 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ.

ಕನೆಕ್ಟರ್‌ಗಳ ಬಣ್ಣವನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಹಸಿರು ಕನೆಕ್ಟರ್‌ನ ತುದಿ 8 ಡಿಗ್ರಿ ಓರೆಯಾಗಿ ಉಜ್ಜಿದ್ದು, ನೀಲಿಯದು ನೇರ. ಎರಡೂ ಒಂದೇ ಅಡಾಪ್ಟರಿನಲ್ಲಿ ಸಲೀಸಾಗಿ ಕೂರುತ್ತವೆ, ಆದರೆ ನಡುವೆ ಗಾಳಿಯ ಸಂದು ಉಳಿದು ಹಲವು ಡೆಸಿಬೆಲ್ ನಷ್ಟವಾಗುತ್ತದೆ. ಮೊದಲ ಸ್ಲಾಟಿನ ಮುಕ್ಕಾಲು ಗಂಟೆಯನ್ನು ನಾನು ಮಾಡ್ಯೂಲ್ ಕೆಟ್ಟಿದೆಯೆಂದೇ ನಂಬಿ ಕಳೆದೆ.

ಸ್ವಚ್ಛಗೊಳಿಸಿದ ಮೇಲೆ ಆಧಾರ ಪ್ಯಾಚ್ ಕಾರ್ಡನ್ನು ನೇರವಾಗಿ ಮೀಟರಿಗೆ ಜೋಡಿಸಿ, ಆ ಓದನ್ನೇ ಸೊನ್ನೆ ಎಂದು ಇಟ್ಟುಕೊಳ್ಳಬೇಕು. ಇಲ್ಲಿ ಮರೆಯುವ ಸಂಗತಿಯೊಂದಿದೆ: ಬದಲಿಸಬಹುದಾದ ಅಟೆನ್ಯುಯೇಟರ್ ಸೊನ್ನೆ ತೋರಿಸುತ್ತಿದ್ದರೂ ಅದರದ್ದೇ ಆದ ಒಂದೆರಡು ಡೆಸಿಬೆಲ್ ನಷ್ಟ ಇದ್ದೇ ಇರುತ್ತದೆ. ಆದ್ದರಿಂದ ರಿಸೀವರ್‌ಗೆ ತಲುಪುವ ಶಕ್ತಿಯನ್ನು ಅಟೆನ್ಯುಯೇಟರಿನ ಅಂಕಿಯಿಂದ ಲೆಕ್ಕ ಹಾಕದೆ, ರಿಸೀವರ್‌ನ ಜಾಗದಲ್ಲಿ ಮೀಟರ್ ಇಟ್ಟು ಅಳೆಯುವುದೇ ಸರಿ. ವಿದ್ಯುತ್ ಬದಿಯಲ್ಲಿ ಎಸ್‌ಎಂಎ ಕನೆಕ್ಟರ್ 18 ಗಿಗಾಹರ್ಟ್ಸ್‌ವರೆಗೆ, 2.92 ಮಿಲಿಮೀಟರಿನದು 40ರವರೆಗೆ, 1.85 ಮಿಲಿಮೀಟರಿನದು 67ರವರೆಗೆ ಸಲ್ಲುತ್ತದೆ. ಸವೆದ ಎಸ್‌ಎಂಎಯನ್ನು 2.92ಕ್ಕೆ ಜೋಡಿಸಿದರೆ ದುಬಾರಿ ಸಾಕೆಟ್ ಮುರಿಯಬಹುದು. ನಟ್ಟನ್ನು ಮಾತ್ರ ತಿರುಗಿಸಬೇಕು, ಕೇಬಲ್ಲನ್ನಲ್ಲ. ಕೊನೆಯ ಬಿಗಿತಕ್ಕೆ ಟಾರ್ಕ್ ವ್ರೆಂಚ್ ಇರಲೇಬೇಕು.

ಇನ್ನು ಮನೆಯಲ್ಲೇ ಮಾಡಿ ಮುಗಿಸಬಹುದಾದ ಲೆಕ್ಕ, ಇದೇ ಈ ವಿಷಯದ ತಿರುಳು. ಈಥರ್ನೆಟ್‌ನ 10 ಗಿಗಾಬಿಟ್, 10 ಕಿಲೋಮೀಟರ್ ಮಾದರಿಯ ಮಾಡ್ಯೂಲ್ ವಾಸ್ತವವಾಗಿ ಸೆಕೆಂಡಿಗೆ 10.3125 ಗಿಗಾಬಿಟ್ ಕಳಿಸುತ್ತದೆ. ದೋಷದ ಪ್ರಮಾಣ ಲಕ್ಷ ಕೋಟಿ ಬಿಟ್ಟಿಗೆ ಒಂದಕ್ಕಿಂತ ಕಡಿಮೆ ಎಂದು ಶೇ. 95ರ ಭರವಸೆಯಿಂದ ಹೇಳಲು ಒಂದೂ ದೋಷವಿಲ್ಲದೆ 3 ಲಕ್ಷ ಕೋಟಿ ಬಿಟ್ ಹಾಯಿಸಬೇಕು. ಅದಕ್ಕೆ ತಗಲುವ ಕಾಲ ಸುಮಾರು 291 ಸೆಕೆಂಡ್, ಐದು ನಿಮಿಷಕ್ಕೆ ತುಸು ಕಡಿಮೆ. ಅದಕ್ಕಿಂತ ಸಾವಿರ ಪಟ್ಟು ಕಡಿಮೆ ದೋಷವನ್ನು ಇದೇ ರೀತಿ ದೃಢಪಡಿಸಲು ಹೊರಟರೆ ಮೂರು ದಿನ ಎಂಟು ಗಂಟೆಗೂ ಹೆಚ್ಚು ಬೇಕು. ಯಾವ ಹಂಚಿಕೆಯ ಪ್ರಯೋಗಾಲಯವೂ ಅಷ್ಟು ಹೊತ್ತು ಮೇಜು ಬಿಟ್ಟುಕೊಡುವುದಿಲ್ಲ.

ಆದ್ದರಿಂದ ಅಟೆನ್ಯುಯೇಟರಿನಿಂದ ಬೆಳಕನ್ನು ತಗ್ಗಿಸಿ, ದೋಷಗಳು ಬೇಕೆಂದೇ ಹೆಚ್ಚು ಬರುವ ಕಡೆ ಅಳೆದು, ಅಲ್ಲಿಂದ ಗೆರೆ ಎಳೆಯುತ್ತಾರೆ. ಪ್ರತಿ ಬಿಂದುವಿನಲ್ಲಿ ಕನಿಷ್ಠ 100 ದೋಷಗಳನ್ನು ಎಣಿಸಿದರೆ ಅನಿಶ್ಚಿತತೆ ಶೇ. 10ರಷ್ಟಿರುತ್ತದೆ. ನೂರು ಕೋಟಿಗೆ ಒಂದು ದೋಷವಿರುವ ಬಿಂದುವಿನಲ್ಲಿ 100 ದೋಷಕ್ಕೆ ಹತ್ತು ಸೆಕೆಂಡ್ ಸಾಕು, ಸಾವಿರ ಕೋಟಿಗೆ ಒಂದಾದರೆ ಒಂದೂವರೆ ನಿಮಿಷ, ಹತ್ತು ಸಾವಿರ ಕೋಟಿಗೆ ಒಂದಾದರೆ ಹದಿನಾರು ನಿಮಿಷ. ಸಾವಿರ ಕೋಟಿಯವರೆಗೆ ಐದಾರು ಬಿಂದುಗಳನ್ನು ಕಾಲು ಗಂಟೆಯೊಳಗೆ ಮುಗಿಸಬಹುದು. ಈ ದೋಷದ ಪ್ರಮಾಣಗಳನ್ನು ಕ್ಯೂ ಮೌಲ್ಯಗಳಾಗಿ (ಗದ್ದಲಕ್ಕೆ ಹೋಲಿಸಿದರೆ 0 ಮತ್ತು 1ರ ಮಟ್ಟಗಳು ಎಷ್ಟು ದೂರವಿವೆ ಎಂಬ ಅಳತೆ) ಬದಲಿಸಿ, ಕ್ಯೂವನ್ನೂ ಡೆಸಿಬೆಲ್‌ನಲ್ಲೇ ಬರೆದು, ಡಿಬಿಎಂನಲ್ಲಿರುವ (ಒಂದು ಮಿಲಿವ್ಯಾಟ್‌ಗೆ ಹೋಲಿಸಿದ ಡೆಸಿಬೆಲ್) ಶಕ್ತಿಯ ಎದುರು ಗುರುತಿಸಿದರೆ ಉಷ್ಣ ಗದ್ದಲವೇ ಮುಖ್ಯವಾಗಿರುವ ರಿಸೀವರ್‌ನಲ್ಲಿ ಬಹುಮಟ್ಟಿಗೆ ನೇರ ಗೆರೆ ಬರುತ್ತದೆ. ಲಕ್ಷ ಕೋಟಿಗೆ ಒಂದರ ಮಟ್ಟದಲ್ಲಿ ಕ್ಯೂ ಸುಮಾರು 7. ಗೆರೆ ಬಗ್ಗಿ ಮಟ್ಟಸವಾದರೆ ಅದು ಬೆಳಕಿನ ಕೊರತೆಯಲ್ಲ, ಪ್ರತಿಫಲನ ಅಥವಾ ಜಿಟ್ಟರ್‌ನಂತಹ (ಬಿಟ್‌ಗಳ ಸಮಯದ ಅಲುಗಾಟ) ಬೇರೆ ಕಾರಣ. ಆಗ ಗೆರೆಯನ್ನು ಮುಂದಕ್ಕೆ ಎಳೆಯಬಾರದು. ನಾಲ್ಕು ಮಟ್ಟಗಳ ಪ್ಯಾಮ್-4 ಸಂಕೇತದಲ್ಲಿ (ಪ್ರತಿ ಸಂಕೇತಕ್ಕೆ ಎರಡು ಬಿಟ್) ದೋಷಕ್ಕಾಗಿ ಹೊತ್ತುಗಟ್ಟಲೆ ಕಾಯುವ ತಾಪತ್ರಯವಿಲ್ಲ: ದೋಷ ತಿದ್ದುವ ಮುಂಚೆ ಹತ್ತು ಸಾವಿರ ಬಿಟ್ಟಿಗೆ 2.4ರಷ್ಟು ದೋಷವನ್ನು ಮಾನದಂಡವೇ ಒಪ್ಪುವುದರಿಂದ 106.25 ಗಿಗಾಬಿಟ್‌ನಲ್ಲಿ ಸೆಕೆಂಡಿಗೆ ಎರಡೂವರೆ ಕೋಟಿ ದೋಷ ಬಂದರೂ ಲಿಂಕ್ ನಡೆಯುತ್ತದೆ.

ಕಣ್ಣಿನ ಚಿತ್ರ, ಅಂದರೆ ಹಲವು ಬಿಟ್‌ಗಳ ರೂಪವನ್ನು ಒಂದರ ಮೇಲೊಂದು ತೋರಿಸುವ ಐ ಡಯಾಗ್ರಾಂ ತೆಗೆಯುವಾಗ ಬಿಟ್ ವೇಗದ 0.75ರಷ್ಟು ಬ್ಯಾಂಡ್‌ವಿಡ್ತ್ ಇರುವ ಬೆಸೆಲ್-ಥಾಮ್ಸನ್ ಫಿಲ್ಟರ್ ಹಾಕಬೇಕು. ಅದಿಲ್ಲದೆ ತೆಗೆದ ಚಿತ್ರವನ್ನು ಮಾನದಂಡದ ಮಾಸ್ಕ್‌ಗೆ (ಸಂಕೇತ ಹಾಯಬಾರದ ಜಾಗಗಳ ನಕ್ಷೆ) ಹೋಲಿಸುವಂತಿಲ್ಲ.

ನಮ್ಮ ಕರಾವಳಿಯ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಟಿಯ (ತುಳುನಾಡಿನ ಮಳೆಗಾಲದ ತಿಂಗಳು) ಮಳೆಯಲ್ಲಿ ಹೊರಗೆ 27 ಡಿಗ್ರಿ, ಶೇ. 90 ತೇವಾಂಶವಿದ್ದರೆ ಇಬ್ಬನಿ ಬಿಂದು (ಗಾಳಿಯ ತೇವ ನೀರಾಗಿ ಕೂರುವ ಉಷ್ಣತೆ) 25 ಡಿಗ್ರಿಯ ಸಮೀಪವಿರುತ್ತದೆ. 22 ಡಿಗ್ರಿಯ ಎಸಿ ಕೋಣೆಯಿಂದ ಹೊರಗೆ ತಂದ ಮಾಡ್ಯೂಲ್ ಕೂಡಲೇ ಬೆವರುತ್ತದೆ. ಉಡುಪಿಯ ಬಸ್ಸು ಹತ್ತುವ ಮುನ್ನ ಅದನ್ನು ಸಿಲಿಕಾ ಜೆಲ್ ಪೊಟ್ಟಣದೊಡನೆ ಸ್ಥಿರವಿದ್ಯುತ್ ತಡೆಯುವ ಚೀಲದಲ್ಲಿ ಮುಚ್ಚಿ, ಮನೆಗೆ ಬಂದು ಬೆಚ್ಚಗಾಗುವವರೆಗೆ ತೆರೆಯದಿರುವುದು ಒಳ್ಳೆಯದು. ಕೋಣೆಯೊಳಗೂ 24 ಡಿಗ್ರಿ, ಶೇ. 60 ತೇವಾಂಶದಲ್ಲಿ ಇಬ್ಬನಿ ಬಿಂದು 16ರ ಆಸುಪಾಸು. ಘಟಕವನ್ನು 0 ಡಿಗ್ರಿಗೆ ತಂಪಾಗಿಸಿ ಪರೀಕ್ಷಿಸಬೇಕಿದ್ದರೆ ಒಣ ನೈಟ್ರೋಜನ್ ಬೇಕೆಂದು ಬುಕ್ ಮಾಡುವಾಗಲೇ ತಿಳಿಸಬೇಕು. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಹೊಸತಲ್ಲ. ಯುಪಿಎಸ್ ಇಲ್ಲದ ಉಪಕರಣ ಆರಿ ಮತ್ತೆ ಹೊತ್ತಿದರೆ ಅರ್ಧ ಗಂಟೆಯಿಂದ ಒಂದು ಗಂಟೆ ಬೆಚ್ಚಗಾಗಲು ಬಿಟ್ಟು, ಆಧಾರವನ್ನು ಹೊಸದಾಗಿ ಅಳೆಯಬೇಕು.

ಸ್ಲಾಟ್ ಮುಗಿಯುವ ಹದಿನೈದು ನಿಮಿಷ ಮುಂಚೆ ಘಟಕವನ್ನು ಕಳಚಿ, ಬೆಳಿಗ್ಗೆ ಸೊನ್ನೆ ಎಂದು ಇಟ್ಟ ಅದೇ ಪ್ಯಾಚ್ ಕಾರ್ಡನ್ನು ಮತ್ತೆ ಮೀಟರಿಗೆ ಜೋಡಿಸಬೇಕು. ಅದು 0.2 ಡೆಸಿಬೆಲ್ ಜರುಗಿದ್ದರೆ, ಆ ದಿನದ ಪ್ರತಿ ಶಕ್ತಿಯ ಓದಿನ ಪಕ್ಕದಲ್ಲೂ ಕನಿಷ್ಠ ಅಷ್ಟು ಅನಿಶ್ಚಿತತೆಯನ್ನು ಬರೆದೇ ಲಾಗ್ ಪುಸ್ತಕಕ್ಕೆ ಸಹಿ ಹಾಕಬೇಕು.