ಯೀಸ್ಟ್ ಬಿಡಿಸಿದ ಕಬ್ಬಿಣದ ಗಂಟು

ಒಂದೇ ಮನೆಯ ಇಬ್ಬರು ಮಕ್ಕಳು ಹತ್ತು ಹನ್ನೆರಡರ ವಯಸ್ಸಿಗೆ ತೂರಾಡುತ್ತ ನಡೆಯತೊಡಗಿದರೆ, ಮಾತು ತೊದಲಿದರೆ, ನಾಗದೋಷ, ಪಿತೃಶಾಪ ಎನ್ನುವವರು ಇಂದಿಗೂ ಇದ್ದಾರೆ. ಅಂಥದ್ದೊಂದು ಕಾಯಿಲೆಯನ್ನು ಜರ್ಮನಿಯ ಹೈಡೆಲ್‌ಬರ್ಗಿನ ವೈದ್ಯ ನಿಕೊಲಾಸ್ ಫ್ರೀಡ್‌ರೈಕ್ 1863ರಲ್ಲೇ ವಿವರಿಸಿದ್ದರು. ಅವರ ಹೆಸರಿನಿಂದಲೇ ಅದು ಫ್ರೀಡ್‌ರೈಕ್ ಅಟಾಕ್ಸಿಯ. ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದರೆ ಮಾತ್ರ ಈ ಕಾಯಿಲೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ನಮ್ಮಲ್ಲಿ ಈ ಮಾತನ್ನು ಗಟ್ಟಿಯಾಗಿಯೇ ಹೇಳಬೇಕು.

1996ರಲ್ಲಿ ಆ ಜೀನ್ ಸಿಕ್ಕಿತು. ಅದರಿಂದ ತಯಾರಾಗುವ ಪ್ರೋಟೀನಿಗೆ ಫ್ರಟಾಕ್ಸಿನ್ ಎಂದು ಹೆಸರಾಯಿತು. ರೋಗಿಗಳಲ್ಲಿ ಇದು ತೀರಾ ಕಡಿಮೆ. ಆದರೆ ಇದರ ಕೆಲಸವೇನು? ಕಾಯಿಲೆ ತಟ್ಟುವುದು ಬೆನ್ನುಹುರಿಗೆ, ಬದುಕಿರುವವರ ಬೆನ್ನುಹುರಿಯನ್ನು ಕೊಯ್ದು ನೋಡುವಂತಿಲ್ಲವಲ್ಲ. ಅದೃಷ್ಟಕ್ಕೆ ಅದೇ ವರ್ಷ ಬ್ರೆಡ್ ಉಬ್ಬಿಸುವ ಯೀಸ್ಟಿನ ಸುಮಾರು 6000 ಜೀನ್‌ಗಳ ಪೂರ್ತಿ ಪಟ್ಟಿ ಹೊರಬಂದಿತ್ತು. ಫ್ರಟಾಕ್ಸಿನ್ನಿನ ದಾಯಾದಿ ಅಲ್ಲೂ ಇತ್ತು!

ಆ ಜೀನನ್ನು ಅಳಿಸಿದ ಯೀಸ್ಟನ್ನು ಎರಡು ತಟ್ಟೆಗಳಿಗೆ ಚುಕ್ಕೆಯಿಟ್ಟು ನೋಡಿ. ಗ್ಲೂಕೋಸ್ ಇರುವ ತಟ್ಟೆಯಲ್ಲಿ ಹುದುಗಿಸಿಕೊಂಡೇ ಹೇಗೋ ಬೆಳೆಯುತ್ತದೆ. ಗ್ಲಿಸರಾಲನ್ನು ಹುದುಗಿಸಲಾಗದು, ಆ ತಟ್ಟೆಯಲ್ಲಿ ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಉಸಿರಾಟವೇ ಗತಿ. ಅಲ್ಲಿ ಚುಕ್ಕೆ ಖಾಲಿ. ಮನುಷ್ಯನ ಫ್ರಟಾಕ್ಸಿನ್ ಜೀನನ್ನು ಸೇರಿಸಿದರೆ ಅದೇ ತಟ್ಟೆಯಲ್ಲಿ ಬಿಳಿ ಕಾಲೊನಿಗಳು ಏಳುತ್ತವೆ. ನೂರು ಕೋಟಿ ವರ್ಷಗಳ ಹಿಂದೆ ಅಗಲಿದ ಎರಡು ವಂಶಗಳ ನಡುವೆ ಬಿಡಿಭಾಗ ಬದಲಾಯಿಸಿದರೂ ಯಂತ್ರ ಓಡುತ್ತದೆ. ಇದಕ್ಕಿಂತ ರೋಮಾಂಚನ ಬೇಕೆ?

ಜೀನ್ ಅಳಿಸಿದ ಯೀಸ್ಟಿನ ಮೈಟೊಕಾಂಡ್ರಿಯದಲ್ಲಿ ಕಬ್ಬಿಣ ರಾಶಿ ಬಿದ್ದಿರುವುದು 1997ರಲ್ಲಿ ಕಂಡಿತು. ಕಬ್ಬಿಣವೇ ವಿಷ, ತೆಗೆದರೆ ಆಯಿತು ಎಂದುಕೊಳ್ಳುವುದು ಸುಲಭ. ಆದರೆ ಫ್ರಟಾಕ್ಸಿನ್ ನೆರವಾಗುವುದು ಕಬ್ಬಿಣಕ್ಕೆ ಗಂಧಕ ಜೋಡಿಸಿ ಪುಟ್ಟ ಗೊಂಚಲು ಕಟ್ಟುವ ಕೆಲಸಕ್ಕೆ. ಉಸಿರಾಟದ ಕಿಣ್ವಗಳಿಗೆ ಬೇಕಾದದ್ದು ಆ ಗೊಂಚಲು. ‘ಕಬ್ಬಿಣ ಸಾಕು’ ಎಂಬ ಸಂದೇಶ ಹೊರಡುವುದೂ ಅದೇ ಕೆಲಸದಿಂದ. ಕೆಲಸ ಕುಂಟಿದಾಗ ಸಂದೇಶ ಹೋಗದು, ಕೋಶ ಇನ್ನಷ್ಟು ಕಬ್ಬಿಣ ಎಳೆದುಕೊಳ್ಳುತ್ತದೆ. ಉಗ್ರಾಣದಲ್ಲಿ ಅಕ್ಕಿ ಮುಗ್ಗುತ್ತಿದ್ದರೂ ಬೇಯಿಸುವವರಿಲ್ಲದೆ ಮನೆಮಂದಿ ಹಸಿದು, ಮತ್ತೆ ಅಕ್ಕಿ ತರಿಸಿದ ಹಾಗೆ. ರಾಶಿ ಪರಿಣಾಮ, ಮೂಲವಲ್ಲ. ಕಬ್ಬಿಣ ಹೀರುವ ಡೆಫೆರಿಪ್ರೋನ್ ಎಂಬ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಕೆಲವು ರೋಗಿಗಳ ತೂರಾಟವೇ ಹೆಚ್ಚಿತು.

2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಮಾವೆಲೊಕ್ಸೊಲೋನ್ ಎಂಬ ಔಷಧ ಹಿಡಿದಿರುವುದು ಬೇರೆ ದಾರಿ. ಕೋಶದ ಸ್ವಂತ ರಕ್ಷಣಾ ಜೀನ್‌ಗಳನ್ನು ಚುರುಕುಗೊಳಿಸುವುದು. ಇನ್ನು, ಎಲ್ಲ ಕೋಶಗಳಲ್ಲೂ ಇರುವ ಪ್ರೋಟೀನ್ ಕಡಿಮೆಯಾದರೆ ನರ ಮತ್ತು ಹೃದಯಕ್ಕೇ ಏಕೆ ಪೆಟ್ಟು? ಯೀಸ್ಟಿಗೆ ಇವೆರಡೂ ಇಲ್ಲ. ಆ ಪ್ರಶ್ನೆಯನ್ನು ಇಲಿಗಳಲ್ಲಿ, ರೋಗಿಗಳ ಚರ್ಮದಿಂದ ಬೆಳೆಸಿದ ನರಕೋಶಗಳಲ್ಲಿ ಕೇಳುತ್ತಿದ್ದಾರೆ.